ಗಲ್ಲೆಯ ಮೇಲಿನ ಕಾರ್ಡ್ ಮಷೀನು: ಉಜ್ಜುವುದೋ, ಚಿಪ್ ಹಾಕುವುದೋ, ತಟ್ಟುವುದೋ?

ಕಾರವಾರದ ಬಟ್ಟೆ ಅಂಗಡಿ, ಶಿರಸಿಯ ಸೂಪರ್ ಮಾರ್ಕೆಟ್, ಕುಮಟಾ-ಅಂಕೋಲಾ ಹೆದ್ದಾರಿಯ ಪೆಟ್ರೋಲ್ ಬಂಕ್, ಎಲ್ಲಿ ಹೋದರೂ ಕಾರ್ಡ್ ಮಷೀನು ಮಾಡುವ ಕೆಲಸ ಒಂದೇ. ಆದರೆ ಮೋಸವಾದ ದಿನ ನಷ್ಟ ಯಾರ ತಲೆಗೆ ಬರುತ್ತದೆ ಎನ್ನುವುದು ಕಾರ್ಡನ್ನು ಹೇಗೆ ಬಳಸಿದಿರಿ ಎಂಬುದರ ಮೇಲೆ ನಿಂತಿದೆ. ಅಂಕ ಕೊಡುವುದು ಆ ಲೆಕ್ಕದಲ್ಲೇ.

ಉಜ್ಜುವುದಕ್ಕೆ ಐದರಲ್ಲಿ ಒಂದು. ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗುವುದಿಲ್ಲ, ಒಮ್ಮೆ ನಕಲಾದರೆ ಇನ್ನೊಂದು ಕಾರ್ಡೇ ತಯಾರು. ಅಂಥ ನಕಲು ಕಾರ್ಡ್ ಹೆಚ್ಚಾಗಿ ಚಲಾವಣೆಯಾಗುವುದು ಪಿನ್ ಕೇಳದ ವಿದೇಶಿ ಮಷೀನುಗಳಲ್ಲಿ. ಹಾಗಾಗಿ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಮೊದಲು ಬಂದ್ ಮಾಡಿ. ಚಿಪ್ ಇರುವ ಕಾರ್ಡನ್ನು ಉಜ್ಜಿದರೆ ಸರಿಯಾದ ಮಷೀನು ತಾನೇ ಚಿಪ್ ಹಾಕಲು ಹೇಳುತ್ತದೆ. ಓದದಿದ್ದರೆ ಚಿಪ್ಪನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಹಾಕಿ ನೋಡಿ. ಬಿಲ್ಲಿಂಗ್ ಕಂಪ್ಯೂಟರಿನ ಕೀಬೋರ್ಡ್‌ನಲ್ಲಿ ಇರುವ ಕಾರ್ಡ್ ಓದುವ ಸಂದಿನಲ್ಲಿ ಎರಡನೇ ಸಲ ಉಜ್ಜಲು ಬಂದರೆ ಖಂಡಿತ ಬಿಡಬೇಡಿ. ಪಾವತಿಗೆ ಅದರ ಅಗತ್ಯವೇ ಇಲ್ಲ.

ಚಿಪ್ ಮತ್ತು ಪಿನ್‌ಗೆ ನಾಲ್ಕು. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುವುದರಿಂದ ಕದ್ದ ಸಂಕೇತ ಎರಡನೇ ಸಲ ನಡೆಯದು. ದೌರ್ಬಲ್ಯವಿರುವುದು ನಮ್ಮ ರೂಢಿಯಲ್ಲಿ. ಬಂಕಿನಲ್ಲಿ ಕಾರಿನ ಕಿಟಕಿಯಿಂದ ಕಾರ್ಡ್ ಕೊಡುತ್ತೇವೆ, ಹುಡುಗ ‘ಪಿನ್ ಹೇಳ್ರಾ’ ಎನ್ನುತ್ತಾನೆ, ನಾಲ್ಕು ಜನರ ಮುಂದೆ ಹೇಳಿಬಿಡುತ್ತೇವೆ. ಪಿನ್ ಹೇಳಿದ್ದು ಗ್ರಾಹಕರ ನಿರ್ಲಕ್ಷ್ಯ ಎಂದಾಗುತ್ತದೆ. ಆಮೇಲೆ ಬ್ಯಾಂಕಿಗೆ ತಿಳಿಸುವ ಕ್ಷಣದವರೆಗೆ ಹೋದ ಹಣವೆಲ್ಲ ನಿಮ್ಮದೇ ನಷ್ಟ. ಮಷೀನನ್ನೇ ಕಿಟಕಿಗೆ ತರಿಸಿಕೊಂಡು, ಕೈ ಅಡ್ಡ ಹಿಡಿದು ನೀವೇ ಒತ್ತಿ.

ತಟ್ಟುವುದಕ್ಕೂ ನಾಲ್ಕು, ಮಿತಿ ಇಟ್ಟುಕೊಂಡವರಿಗೆ ನಾಲ್ಕೂವರೆ. ಕಾರ್ಡ್ ಕೈ ಬಿಟ್ಟು ಹೋಗುವುದಿಲ್ಲ, ಪಿನ್ ಯಾರ ಕಣ್ಣಿಗೂ ಬೀಳುವುದಿಲ್ಲ. 2021ರ ಜನವರಿ 1ರಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಟ್ಟಬಹುದು. ಕಾರ್ಡ್ ಕಳೆದುಹೋದರೆ ಸಿಕ್ಕವರಿಗೂ ಅದೇ ಅನುಕೂಲ, ಅಪಾಯ ಅಲ್ಲಿದೆ. ದಿನಸಿ, ಔಷಧಿಗೆ 1,500 ಅಥವಾ 2,000 ಸಾಕು. ಆ್ಯಪ್‌ನಲ್ಲಿ ಅಷ್ಟಕ್ಕೇ ಇಳಿಸಿಡಿ. ಹೊಸ ಕಾರ್ಡ್‌ನಲ್ಲಿ ಈ ಸೌಲಭ್ಯ ಬಂದ್ ಆಗಿಯೇ ಬರುತ್ತದೆ, ಬೇಕಾದವರು ಚಾಲೂ ಮಾಡಿಕೊಳ್ಳಬೇಕು.

ಯಾವ ರೀತಿ ಕೊಟ್ಟರೂ ಪರದೆಯ ಮೇಲಿನ ಮೊತ್ತ ಓದಿ. ಅನೇಕ ಮಷೀನುಗಳಲ್ಲಿ ಪೈಸೆಯನ್ನೂ ಒತ್ತಬೇಕು, 450 ರೂಪಾಯಿಗೆ 45000. ಒಂದು ಸೊನ್ನೆ ಹೆಚ್ಚಾದರೆ 4,500. ನೀವು ಪಿನ್ ಒತ್ತಿದ್ದರೆ ಅದು ಒಪ್ಪಿಗೆಯ ಪಾವತಿ, ಮುಂದೆ ಹೇಳುವ ಮೋಸದ ನಿಯಮ ಅನ್ವಯಿಸದು. ಅಂಗಡಿಯವರು ದಿನದ ಸೆಟಲ್‌ಮೆಂಟ್ (ಆ ದಿನದ ಲೆಕ್ಕ ಮುಗಿಸಿ ಬ್ಯಾಂಕಿಗೆ ಕಳಿಸುವುದು) ಮಾಡುವ ಮೊದಲು ‘ವಾಯ್ಡ್’ ಮಾಡಿಸಿದರೆ ವ್ಯವಹಾರವೇ ರದ್ದು. ಆಮೇಲಾದರೆ ರೀಫಂಡ್, ಅದಕ್ಕೆ ದಿನಗಟ್ಟಲೆ ಕಾಯಬೇಕು.

ಮಳೆಗಾಲದಲ್ಲಿ, ಘಟ್ಟದ ಬದಿಯ ಊರುಗಳಲ್ಲಿ, ನೆಟ್‌ವರ್ಕ್ ನಡುವೆ ಕೈಕೊಡುತ್ತದೆ: ಖಾತೆಯಿಂದ ಹಣ ಕಡಿತ, ಅಂಗಡಿಯ ಮಷೀನಿನಲ್ಲಿ ‘ಡಿಕ್ಲೈನ್’. ವಿಫಲವಾದ ಚೀಟಿಯನ್ನು ಕೇಳಿ ಪಡೆಯಿರಿ. 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ನಿಯಮದಂತೆ ವ್ಯವಹಾರದ ದಿನದ ನಂತರ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ಇನ್ನು ನೀವು ಮಾಡದ ಪಾವತಿಯ ಸಂದೇಶ ಬಂದರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದಾದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ 3 ಕೆಲಸದ ದಿನಗಳೊಳಗೆ ತಿಳಿಸಿದಾಗ ಸೊನ್ನೆ. 4ರಿಂದ 7ನೇ ದಿನದೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ ನಿಮ್ಮ ಹೊಣೆ ಗರಿಷ್ಠ 10,000 ರೂಪಾಯಿ: 18,000 ಹೋಗಿದ್ದರೆ 8,000 ಮರಳುತ್ತದೆ, 6,000 ಹೋಗಿದ್ದರೆ ಏನೂ ಇಲ್ಲ. 7 ದಿನ ದಾಟಿದರೆ ಬ್ಯಾಂಕಿನ ನೀತಿ ಹೇಳಿದಂತೆ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ, ನಿಮ್ಮ ಶಾಖೆಯ ರಜೆಯೂ ಲೆಕ್ಕಕ್ಕಿಲ್ಲ. ಶುಕ್ರವಾರ ಬಂದು ಮರುದಿನ ಎರಡನೇ ಶನಿವಾರವಾದರೆ ಬುಧವಾರ ಮೂರನೇ ದಿನ. ಹಾಗೆಂದು ಕಾಯಬೇಡಿ, ತಿಳಿಸಿದ ಮೇಲೆ ಆಗುವ ನಷ್ಟವೆಲ್ಲ ಬ್ಯಾಂಕಿನದು. ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್, ನಂತರ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. 10 ಕೆಲಸದ ದಿನದಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಿ 90 ದಿನದಲ್ಲಿ ಬ್ಯಾಂಕ್ ದೂರು ಮುಗಿಸಬೇಕು. ‘ಪಿನ್ ಬಳಕೆಯಾಗಿದೆ’ ಎಂಬ ಒಂದೇ ಸಾಲಿನ ಉತ್ತರಕ್ಕೆ ಸುಮ್ಮನಾಗಬೇಡಿ, ಹೊಣೆ ಗ್ರಾಹಕರದು ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥದೇ ನಿಯಮ ಬಂತು, ಅವುಗಳಲ್ಲಿ ಖಾತೆ ಇಟ್ಟಿರುವ ಶಿರಸಿ ಸೀಮೆಯವರಿಗೆ ಇದು ಮುಖ್ಯ.

ಅಂಗಡಿಯವರಿಗೆ ಎರಡು ಮಾತು. ಮಷೀನಿನ ಚೀಟಿ ಶಾಖದ ಕಾಗದ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ತಕರಾರು ಬಂದಾಗ ಚೀಟಿ ತೋರಿಸದಿದ್ದರೆ ಹಣ ನಿಮ್ಮ ಖಾತೆಯಿಂದ ಕಡಿತವಾಗಬಹುದು, ಆದ್ದರಿಂದ ದೊಡ್ಡ ಮೊತ್ತದ್ದಕ್ಕೆ ಅಂದೇ ಫೋಟೊ ತೆಗೆದಿಡಿ. ಗೋಕರ್ಣದ ಹೋಮ್‌ಸ್ಟೇಯವರು ವಿದೇಶಿ ಪ್ರವಾಸಿಗರ ಕಾರ್ಡ್ ಸಂಖ್ಯೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಮಷೀನಿಗೆ ಒತ್ತುವುದನ್ನು ನಿಲ್ಲಿಸಲಿ. ಕಾರ್ಡ್ ಎದುರಿಗಿಲ್ಲದ ಅಂಥ ಪಾವತಿಯನ್ನು ಕಾರ್ಡಿನ ಒಡೆಯರು ನಿರಾಕರಿಸಿದರೆ ನಷ್ಟ ಸಾಮಾನ್ಯವಾಗಿ ವ್ಯಾಪಾರಿಯದೇ. ಮುಂಗಡ ಬೇಕಿದ್ದರೆ ಒಟಿಪಿಯಂಥ ದೃಢೀಕರಣ ಕೇಳುವ ಪಾವತಿ ಲಿಂಕ್ ಕಳುಹಿಸಿ, ಬಾಕಿಯನ್ನು ಅವರು ಬಂದ ಮೇಲೆ ಚಿಪ್ ಹಾಕಿಸಿಯೇ ಪಡೆಯಿರಿ.