ಫ್ಯಾಮಿಲಿಸರ್ಚ್: ಸ್ಪೆಲ್ಲಿಂಗ್ ಹೇಗೇ ಇರಲಿ, ಹಿರಿಯರು ಸಿಗುತ್ತಾರೆ

ನನ್ನ ಅಜ್ಜಿಯ ತವರು ಬೆಂಗಳೂರು ದಂಡು. ಮನೆತನದ ಹೆಸರು ಡಿಸೋಜಾ. ಆ ಕಡೆಯ ಹಿರಿಯರನ್ನು ಹುಡುಕಲೆಂದು ಹಳೆಯ ದಾಖಲೆಗಳಲ್ಲಿ ವಂಶ ಹುಡುಕುವ ಜಾಲತಾಣ ಫ್ಯಾಮಿಲಿಸರ್ಚ್ ಸೇರಿದೆ, ವರ್ಷಗಳಿಂದ ಬಿಡದೆ ಬಳಸುತ್ತಿದ್ದೇನೆ. ಇದನ್ನು ನಡೆಸುವುದು ಅಮೆರಿಕದ ಮಾರ್ಮನ್ ಚರ್ಚು. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆದರೆ ಸಾಕು. ಭಾರತದ ಜನನ ಮತ್ತು ದೀಕ್ಷಾಸ್ನಾನಗಳ ಸಂಗ್ರಹ 1786ರಿಂದ 1947ರವರೆಗೆ ಇದೆ.

ದೊಡ್ಡ ತಲೆನೋವು ಸ್ಪೆಲ್ಲಿಂಗ್. ಪಾದ್ರಿ ಕಿವಿಗೆ ಬಿದ್ದಂತೆ ಬರೆದುಕೊಂಡರು. ಅದರ ನಕಲು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಯಿತು. ಎಷ್ಟೋ ಕಾಲದ ಮೇಲೆ ಮತ್ಯಾರೋ ಆ ಕೈಬರಹ ಓದಿ ಸೂಚಿ ಮಾಡಿದರು. ಹಾಗಾಗಿ ಡಿಸೋಜಾ ಒಂದು ಕಡೆ ಝೆಡ್‌ನಲ್ಲಿ, ಇನ್ನೊಂದು ಕಡೆ ಎಸ್‌ನಲ್ಲಿ. ‘ಡಿ’ ಬಿಟ್ಟುಹೋಗಿ ಬರೀ ಸೋಜಾ ಆಗಿರುವುದೂ ಉಂಟು.

ಫ್ಯಾಮಿಲಿಸರ್ಚ್‌ನಲ್ಲಿ ಹುಡುಕುವಾಗ ಹೆಸರಿನ ನಡುವೆ ನಕ್ಷತ್ರ ಚಿಹ್ನೆ (*) ಹಾಕಿದರೆ ಅಲ್ಲಿ ಎಷ್ಟು ಅಕ್ಷರವಾದರೂ ಇರಬಹುದು, ಪ್ರಶ್ನೆ ಚಿಹ್ನೆ ಹಾಕಿದರೆ ಒಂದೇ ಅಕ್ಷರ. ‘ಡಿ’ ಆದ ಮೇಲೆ ನಕ್ಷತ್ರ, ಝೆಡ್ ಇರುವ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ನೋಡಿ. ಸುಮಾರು ರೂಪಗಳು ಒಟ್ಟಿಗೇ ಬರುತ್ತವೆ. ಉಚ್ಚಾರಣೆ ನೋಡಿ ಹೆಸರು ಹೊಂದಿಸುವ ಸೌಂಡೆಕ್ಸ್ ಅನ್ನುವ ಹಳೆಯ ಪದ್ಧತಿ ಇದೆಯಲ್ಲ, 1918ರಲ್ಲಿ ಪೇಟೆಂಟ್ ಆದದ್ದು, ಅದು ಮೊದಲ ಅಕ್ಷರವನ್ನು ಬಿಡುವುದೇ ಇಲ್ಲ. ಅದರ ಲೆಕ್ಕದಲ್ಲಿ ಡಿಸೋಜಾ ಬೇರೆ, ಸೋಜಾ ಬೇರೆ, ಹಾಗಾಗಿ ನಮ್ಮ ಹೆಸರಿಗೆ ಅದು ಸಾಲದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಮಗುವಿನ ಹೆಸರನ್ನೇ ಖಾಲಿ ಬಿಟ್ಟು ಹುಡುಕುವುದು. ಅಪ್ಪ ಅಮ್ಮನ ಮೊದಲ ಹೆಸರು, ಊರು, ಹಿಂದೆ ಮುಂದೆ ಹತ್ತು ವರ್ಷ, ಇಷ್ಟೇ ಕೊಡಿ. ಅಜ್ಜಿಯ ಅಪ್ಪ ಮತ್ತು ಅವರ ತಂಗಿ ಹೀಗೇ ಸಿಕ್ಕಿದ್ದು. ಅಣ್ಣನಿಗೆ ಒಂದು ಸ್ಪೆಲ್ಲಿಂಗ್, ತಂಗಿಗೆ ಇನ್ನೊಂದು, ತಾಯಿಯ ಹೆಸರು ಮಾತ್ರ ಎರಡರಲ್ಲೂ ಒಂದೇ! ಅವತ್ತು ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ, ಇಬ್ಬರಿಗೂ ಅಳು ಬಂತು.

ಊರಿನ ಹೆಸರನ್ನೂ ಆಗಿನ ರೂಪದಲ್ಲೇ ಕೊಡಬೇಕು. ಮಡಿಕೇರಿಗೆ ಮರ್ಕೆರಾ, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್. ಬೆಂಗಳೂರು ಮೈಸೂರು ಸೀಮೆಯಲ್ಲೇ ಇದ್ದರೂ ದಂಡಿನ ಚರ್ಚುಗಳ ಲೆಕ್ಕ ಹೋಗುತ್ತಿದ್ದದ್ದು ಮದ್ರಾಸಿಗೆ, ಆದ್ದರಿಂದ ಮದ್ರಾಸ್ ಅಂತಲೂ ಹಾಕಿ ನೋಡಿ.

ಚರ್ಚಿನ ಪುಸ್ತಕದಲ್ಲಿ ಹೆಸರಿಲ್ಲದ ಮನೆತನಗಳಿಗೆ ಈ ಸಂಗ್ರಹ ಉಪಯೋಗವಿಲ್ಲ. ಕೆಲವು ದಾಖಲೆಗಳ ಚಿತ್ರಗಳನ್ನು ಫ್ಯಾಮಿಲಿಸರ್ಚ್‌ನವರ ಕೇಂದ್ರಕ್ಕೆ ಹೋಗಿಯೇ ನೋಡಬೇಕು. ಆದರೂ 5ಕ್ಕೆ 4 ಸ್ಟಾರ್ ಧಾರಾಳವಾಗಿ ಕೊಡುತ್ತೇನೆ. ಇಲ್ಲಿ ಸಿಗದಿದ್ದರೆ ಬ್ರಿಟಿಷ್ ಭಾರತದ ಕುಟುಂಬಗಳ ದಾಖಲೆ ಕಲೆಹಾಕುವ ಫಿಬಿಸ್ ಸಂಸ್ಥೆಯ ಸೂಚಿಯನ್ನೂ ನೋಡಿ, ಅದರಲ್ಲೂ ಹುಡುಕಾಟಕ್ಕೆ ದುಡ್ಡಿಲ್ಲ.