‘ಆಯಿಲ್ ಪೇಂಟಿಂಗ್’ ಅಂತ ಹಡಗಿನ ಚಿತ್ರ ಕೊಳ್ಳುವ ಮುಂಚೆ ಇದನ್ನು ಓದಿ

ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಹಳೆ ಸಾಮಾನಿನ ಅಂಗಡಿಯಲ್ಲಿ ಹಡಗಿನ ಚಿತ್ರ ಕೊಳ್ಳುವವರಿದ್ದರೆ ದಯವಿಟ್ಟು ಸ್ವಲ್ಪ ತಡೀರಿ. 340 ಪೌಂಡ್ ಕಳೆದುಕೊಂಡು ಬರೆಯುತ್ತಿದ್ದೇನೆ. ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ.

ಹಾರ್ಟಲ್‌ಪೂಲ್‌ನಲ್ಲಿರುವ ಎಚ್‌ಎಂಎಸ್ ಟ್ರಿಂಕೋಮಲಿ ನನಗೆ ಬರೀ ಹಡಗಲ್ಲ. 1817ರಲ್ಲಿ ಬೊಂಬಾಯಿಯ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಯುದ್ಧನೌಕೆ, ಇವತ್ತಿಗೂ ನೀರಿನ ಮೇಲಿದೆ. ನನ್ನಜ್ಜ ಗಂಗೊಳ್ಳಿಯಿಂದ ಬೊಂಬಾಯಿಗೆ ಹೆಂಚು ಸಾಗಿಸುವ ಮಂಜಿ ಹಡಗಿನಲ್ಲಿ ದುಡಿದವರು. ಆ ತೇಗದ ಹಲಗೆ ಮುಟ್ಟಿದಾಗೆಲ್ಲ ಅಜ್ಜನ ನೆನಪು. ಅಂಗಡಿಯಲ್ಲಿ ಚಿತ್ರದ ಚೌಕಟ್ಟಿನ ಕೆಳಗೆ ಹಿತ್ತಾಳೆ ಪಟ್ಟಿ, ಅದರಲ್ಲಿ ಅದೇ ಹೆಸರು. ಅಷ್ಟೇ, ಮುಂದೆ ಏನೂ ಯೋಚಿಸಲಿಲ್ಲ.

“ಆಯಿಲ್. ನೂರು ವರ್ಷಕ್ಕೂ ಹಳೆಯದು. ಬೇಕಾದರೆ ಮುಟ್ಟಿ ನೋಡಿ” ಅಂದ ಅಂಗಡಿಯವ. ಮುಟ್ಟಿದೆ. ಕುಂಚದ ಉಬ್ಬುತಗ್ಗು ಕೈಗೆ ಸಿಕ್ಕಿತು. ನಗದು ಎಣಿಸಿ ಕೊಟ್ಟೆ.

ಚೌಕಟ್ಟಿನ ಮೂಲೆ ಸಡಿಲವಾಗಿತ್ತು ಅಂತ ಫ್ರೇಮ್ ಕಟ್ಟುವವರ ಹತ್ತಿರ ಒಯ್ದೆ. ಅವರು ಮಾತಾಡದೆ ಭೂತಗನ್ನಡಿ ಕೈಗಿಟ್ಟು “ಅಲೆ ನೋಡಿ” ಅಂದರು. ಅಲೆ ಎಲ್ಲಿ? ಬರೀ ಚುಕ್ಕೆ! ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆ. ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿ, ಅದರ ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದಾರೆ. ಜೆಲ್ಲಿನಲ್ಲಿ ಮೂಡಿದ ಕುಂಚದ ಗೆರೆಗಳು ಚಿತ್ರಕ್ಕೆ ಸಂಬಂಧವೇ ಇಲ್ಲದೆ ಹಾಯಿಕಂಬವನ್ನು ಅಡ್ಡ ದಾಟಿ ನೇರ ಆಕಾಶಕ್ಕೆ ಹೋಗಿವೆ. ನಾನು ಮುಟ್ಟಿ ಖುಷಿಪಟ್ಟದ್ದು ಆ ಜೆಲ್ಲನ್ನು. ಅಂಗಡಿಯಲ್ಲಿ ನಿಂತಲ್ಲೇ ಮುಖ ಬಿಸಿಯಾಯಿತು.

ಇನ್ನೂ ಇದೆ. ಟ್ರಿಂಕೋಮಲಿ ಒಂದು ಫ್ರಿಗೇಟ್, ಪೂರ್ತಿ ತೋಪಿನ ಅಟ್ಟ ಒಂದೇ. ಈ ಚಿತ್ರದಲ್ಲಿ ತೋಪಿನ ಕಿಂಡಿಗಳು ಮೂರು ಸಾಲು! ಅದು ವಿಕ್ಟರಿ ಎಂಬ ಯುದ್ಧನೌಕೆಯಂಥ ದೊಡ್ಡ ಹಡಗಿಗೆ ಇರುವುದು. ಯಾವುದೋ ಹಡಗಿಗೆ ಹೆಸರಿನ ಪಟ್ಟಿ ಹೊಡೆದಿದ್ದಾನೆ. ಟ್ರಿಂಕೋಮಲಿಯ ಅಟ್ಟದ ಮೇಲೆ ಎಷ್ಟು ಸಲ ಓಡಾಡಿದ್ದೇನೆ, ಆದರೂ ನನಗೆ ಕಾಣಲಿಲ್ಲ.

ಚಿತ್ರ ಮಾರಿದವನಿಗೆ ಫೋನ್ ಮಾಡಿದೆ. “ಆಯಿಲ್ ಅಂತ ನಾನು ಹೇಳಲೇ ಇಲ್ಲ” ಅಂದ. ಹೇಳಲೇ ಇಲ್ಲವಂತೆ! “ರಸೀದಿ ಓದಿ.” ಓದಿದೆ: ‘ಹಡಗಿನ ಅಲಂಕಾರಿಕ ಚಿತ್ರ, ಒಂದು’. ಹೆಸರಿನ ಪಟ್ಟಿ ಕೇಳಿದ್ದಕ್ಕೆ “ಅದು ಫ್ರೇಮಿನ ಜೊತೆ ಬಂದದ್ದು”. ಕೊನೆಗೆ “ನೀವೇ ಮುಟ್ಟಿ ನೋಡಿ ತಗೊಂಡದ್ದಲ್ಲವಾ?” ಆಮೇಲೆ ಫೋನ್ ಎತ್ತಿಲ್ಲ.

ಭೂತಗನ್ನಡಿ ಜೇಬಿನಲ್ಲಿರಲಿ. ‘ಆಯಿಲ್’ ಅಂತ ರಸೀದಿಯಲ್ಲಿ ಅವನ ಕೈಯಲ್ಲೇ ಬರೆಸಿ, ಬರೆಯದಿದ್ದರೆ ಎದ್ದು ಬನ್ನಿ. ನಗದು ಕೊಡಲೇಬೇಡಿ. 100 ಪೌಂಡ್ ದಾಟಿದ ವಸ್ತು, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ ಬ್ಯಾಂಕಿನವರನ್ನಾದರೂ ಹಣ ವಾಪಸ್ ಕೇಳಬಹುದಿತ್ತು. ನನಗೆ ಆ ದಾರಿಯೂ ಇಲ್ಲ.