ಅಚ್ಚಿನದೇ ದೋಷವೋ, ಅಚ್ಚು ಅಲುಗಿದ ಗುರುತೋ: ಜೋಡಿ ಅಕ್ಷರದ ನಾಣ್ಯಗಳ ಹೋಲಿಕೆ

ಅಕ್ಷರಗಳು ಎರಡೆರಡಾಗಿ ಕಾಣುವ ನಾಣ್ಯವನ್ನು ಪರಿಣತರ ಪರೀಕ್ಷೆಗೆ ಕಳುಹಿಸಬೇಕೋ, ಖರ್ಚಿಗೆ ಬಿಡಬೇಕೋ ಎಂದು ಕೇಳುವವರು ಮೊದಲು ಆ ಜೋಡಿ ಯಾವ ಹಂತದಲ್ಲಿ ಹುಟ್ಟಿತೆಂಬುದನ್ನು ನೋಡಬೇಕು. ‘ಡಬಲ್ಡ್ ಡೈ’ಯಲ್ಲಿ ದೋಷವಿರುವುದು ಅಚ್ಚಿನಲ್ಲೇ, ಅಚ್ಚನ್ನು ತಯಾರಿಸುವಾಗಲೇ ವಿನ್ಯಾಸವು ತುಸು ಸರಿದು ಎರಡು ಬಾರಿ ಮೂಡಿರುವುದರಿಂದ, ಅದರಿಂದ ಬಂದ ನಾಣ್ಯಗಳಲ್ಲೆಲ್ಲ ಅದೇ ಜಾಗದಲ್ಲಿ ಅದೇ ಜೋಡಿ ಕಾಣುತ್ತದೆ. ಯಂತ್ರದ ಜೋಡಿಯಲ್ಲಾದರೋ ಸಡಿಲವಾದ ಅಚ್ಚು ಹೊಡೆತದ ಬೆನ್ನಿಗೇ ಅಲುಗಿ, ಆಗಷ್ಟೇ ಎದ್ದ ಲೋಹವನ್ನು ತಳ್ಳಿಬಿಟ್ಟಿರುತ್ತದೆ.

10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದರೆ ಮೊದಲನೆಯದರಲ್ಲಿ ಎರಡೂ ರೂಪಗಳು ದುಂಡಗೆ ಉಬ್ಬಿದ್ದು, ಅಕ್ಷರದ ಮೂಲೆಗಳಲ್ಲಿ ಸೀಳು ಕಾಣಬಹುದು, ಅಕ್ಷರವೂ ದಪ್ಪಗಾಗಿರುತ್ತದೆ. ಎರಡನೆಯದರಲ್ಲಿ ಪಕ್ಕಕ್ಕೆ ಚಪ್ಪಟೆಯಾದ, ಹೊಳೆಯುವ ಮೆಟ್ಟಿಲಿದ್ದು, ಮೂಲ ಅಕ್ಷರವೇ ಸಣಕಲಾಗಿರುತ್ತದೆ. ನನಗೆ ದಪ್ಪದ ಪರೀಕ್ಷೆಯಲ್ಲೇ ಹೆಚ್ಚು ನಂಬಿಕೆ, ಏಕೆಂದರೆ ಹೊಳಪು ಬೆಳಕಿನ ಕೋನಕ್ಕೆ ತಕ್ಕಂತೆ ಕಣ್ಣಿಗೆ ಮೋಸ ಮಾಡುತ್ತದೆ.

ಸವೆದ ಅಚ್ಚಿನದು ಮೂರನೆಯ ಬಗೆ: ಬರೀ ಮಸುಕು ನೆರಳು. ಅಮೆರಿಕದ 1955ರ ಒಂದು ಸೆಂಟ್ ನಾಣ್ಯದಲ್ಲಿ ಮೊದಲನೆಯದೂ ಮೂರನೆಯದೂ ಉಂಟು. ಹೆಸರುವಾಸಿ ಡಬಲ್ಡ್ ಡೈಯಲ್ಲಿ ಇಸವಿಯೂ ಮುಮ್ಮುಖದ ಬರಹವೂ ಬರಿಗಣ್ಣಿಗೇ ಜೋಡಿಯಾಗಿ ಕಂಡರೆ, ‘ಬಡವರ ಡಬಲ್ಡ್ ಡೈ’ ಎಂದು ಮಾರಾಟವಾಗುವ ಸವಕಲು ಅಚ್ಚಿನ ನಾಣ್ಯದಲ್ಲಿ ನೆರಳು ಎದ್ದುಕಾಣುವುದು ಕೊನೆಯ 5ರಲ್ಲಿ.

ದುಂಡನೆಯ ಜೋಡಿಯು ಈಗಾಗಲೇ ದಾಖಲಾದ ಅಚ್ಚಿನ ಚಿತ್ರಕ್ಕೆ ಹೊಂದಿದರೆ ಪರೀಕ್ಷೆಯ ಶುಲ್ಕ ತೆರುವುದು ಸರಿ. ಚಪ್ಪಟೆ ಮೆಟ್ಟಿಲಿನದಕ್ಕೆ ಹೆಚ್ಚಿನ ಹಣ ಕೊಡಬೇಕಿಲ್ಲ, ಆದರೆ ಕಣ್ಣು ಪಳಗಿಸಿಕೊಳ್ಳಲು ಅಂಥದೊಂದನ್ನು ಇಟ್ಟುಕೊಳ್ಳಬಹುದು.